ತಾಟಿನಲ್ಲಿದ್ದ ಎರಡು ಬೋಲ್ಟು

ಮೋರಖಂಡಿಯ ವೈಜನಾಥ ಪಾಟೀಲರ ಬಲಗಡೆಯ ಮೀಸೆ ಆ ಬುಧವಾರ ಸಂಜೆ ಸುಟ್ಟುಹೋಯಿತು. ಸುಟ್ಟದ್ದು ಬೀಡಿಯಿಂದಲ್ಲ, ಬಂದೂಕಿನಿಂದ.

ಕಬ್ಬಿಗೆ ಹಂದಿ ನುಗ್ಗಿದ್ದವು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದಿದ್ದ ಅಪ್ಪನ ಕಾಲದ ರೈಫಲ್ ತೆಗೆದುಕೊಂಡು ಪಾಟೀಲರು ಬದುವಿನ ಮೇಲೆ ನಿಂತು, ಹೆದರಿಸಲಿಕ್ಕೆಂದು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಗುಂಡು ಮುಂದೆ ಹೋಯಿತು, ಬೆಂಕಿ ಹಿಂದೆ ಬಂತು. ಹಂದಿಗಳು ತಲೆಯೆತ್ತಿ ನೋಡಿ, ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿದು ಮತ್ತೆ ಕಬ್ಬಿಗೆ ಬಾಯಿ ಹಾಕಿದವು. ತೋಟಾದ ಹಿಂದೆ ಬಾಗಿಲಿನಂತೆ ಮುಚ್ಚಿಕೊಳ್ಳುವ ಬೋಲ್ಟ್ ಎಳೆದಾಗ ಹೊರಬಿದ್ದ ತೋಟಾದ ಹಿತ್ತಾಳೆ ಬುಡದ ಹತ್ತಿರ ಸೀಳಿಕೊಂಡಿತ್ತು.

"ಇನ್ನೊಂದು ಕಡೀದೂ ತೆಗಸ್ರಿ," ಎಂದಳು ಹೆಂಡತಿ ಮೀರಾಬಾಯಿ, ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ. "ಇಲ್ಲಾಂದ್ರ ಒಂದ ಮಾರಿಗೆ ಇಬ್ಬರು ಗಂಡಸರು ಇದ್ದಂಗ ಕಾಣ್ತದ. ನನಗ ಒಬ್ಬರದೇ ಸಾಕಾಗ್ಯದ."

ಅರವತ್ತೆಂಟನೆಯ ವಯಸ್ಸಿನಲ್ಲಿ ಮೀಸೆ ಇಲ್ಲದ ಮೋರೆ ಹೊತ್ತು ಪಾಟೀಲರು ಬಂದೂಕು ರಿಪೇರಿ ಮಾಡುವವರನ್ನು ಹುಡುಕಲು ಹೊರಟರು. ದಸರಾ ಹತ್ತಿರ ಬಂದಿತ್ತು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಗೆ ಅಪ್ಪನ ರೈಫಲ್ ದೇವರ ಜಗುಲಿಯ ಮುಂದೆ ಸರಿಯಾಗಿ ಇರಬೇಕು ಎಂಬುದು ಅವರ ಹಟ.

ಒಂದು ವಾರದಲ್ಲಿ ಅವರಿಗೆ ತಿಳಿದದ್ದು ಇಷ್ಟು: ಬಂದೂಕು ರಿಪೇರಿ ಮಾಡುವವರು ಉಳಿದಿಲ್ಲ, ಸಲಹೆ ಕೊಡುವವರು ಬೇಕಾದಷ್ಟಿದ್ದಾರೆ. ಹಳ್ಳಿಖೇಡದ ಲೇಥ್ ಅಂಗಡಿಯವನು ಬೋಲ್ಟನ್ನು ತಿರುಗಿಸಿ ನೋಡಿ, "ಸಣ್ಣದೊಂದು ವೆಲ್ಡಿಂಗ್ ಹೊಡದ್ರ ಮುಗೀತ್ರಿ, ಟ್ರ್ಯಾಕ್ಟರಿನ ಕೊಂಡಿಗಿಂತ ಗಟ್ಟಿ ಆಗ್ತದ," ಎಂದ. ಟ್ರ್ಯಾಕ್ಟರಿನ ಕೊಂಡಿಯನ್ನು ಯಾರೂ ಗಲ್ಲಕ್ಕೆ ಆನಿಸಿಕೊಂಡು ಸಿಡಿಸುವುದಿಲ್ಲ ಎಂದು ಪಾಟೀಲರು ಅದನ್ನು ಕಿತ್ತುಕೊಂಡು ಬಂದರು. ಹುಮನಾಬಾದಿನಲ್ಲಿ ಒಂದು ಕಾಲಕ್ಕೆ ತೋಟಾ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಹುಟ್ಟುಹಬ್ಬದ ಬಲೂನು, ಬಣ್ಣದ ಟೊಪ್ಪಿಗೆ ತೂಗುತ್ತಿದ್ದವು. ಅದೇ ಬೀದಿಯ ತುದಿಗೆ ತಮ್ಮ ಧನರಾಜನ ಬೀಜ-ಗೊಬ್ಬರದ ಅಂಗಡಿ. ಪಾಟೀಲರು ಎಂದಿನಂತೆ ಹಿಂದಿನ ಓಣಿಯಿಂದ ಸುತ್ತು ಹಾಕಿ ಬಸ್ ಸ್ಟ್ಯಾಂಡಿಗೆ ಬಂದರು. ಆಸ್ತಿ ಪಾಲಾದ ಇಪ್ಪತ್ಮೂರು ವರ್ಷಗಳಿಂದ ಆ ಸುತ್ತು ಅವರ ಕಾಲಿಗೆ ರೂಢಿಯಾಗಿತ್ತು.

ಕೊನೆಗೆ ದಾರಿ ತೋರಿಸಿದವನು ಮನ್ನಾಏಖೇಳ್ಳಿಯ ಚಹಾದ ಅಂಗಡಿಯಲ್ಲಿ ಸಿಕ್ಕ ಹಳೆಯ ಫೌಜಿ ಕಲ್ಲಿನಾಥ. ಸೀಳಿದ ತೋಟಾ ನೋಡಿದ ಕೂಡಲೆ, "ಹೆಡ್‌ಸ್ಪೇಸ್ ಹೋಗ್ಯದ," ಎಂದ. ಔಷಧ ಅವನಿಗೂ ಗೊತ್ತಿರಲಿಲ್ಲ. "ಕಲ್ಯಾಣದಾಗ ಪೀರ್ ಪಾಷಾ ಇನ್ನಾ ಜೀವಂತ ಅದಾನೇನು ನೋಡ್ರಿ. ಇದ್ದರ ಅವನ ಕೈಯಾಗ ಆಗ್ತದ. ಇಲ್ಲಾಂದ್ರ ಗೋಡಿಗೆ ತೂಗಹಾಕ್ರಿ, ಛಂದ ಕಾಣ್ತದ."

ಪೀರ್ ಪಾಷಾ ಜೀವಂತ ಇದ್ದ. ಬಸವಕಲ್ಯಾಣದ ಕೋಟೆಯ ಕಡೆ ಹೋಗುವ ಓಣಿಯಲ್ಲಿ 'ಯುನೂಸ್ ಹೊಲಿಗೆ ಮಷೀನ್ ರಿಪೇರಿ' ಎಂಬ ಬೋರ್ಡಿನ ಹಿಂದೆ, ಒಂದು ಪರದೆಯ ಆಚೆ ಇದ್ದ. ಮುಂದಿನ ಭಾಗ ಮಗನದು. ಹಿಂದಿನ ನಾಲ್ಕು ಅಡಿ ಜಾಗ, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸ್, ವರ್ಷದ ಕೊನೆಗೆ ಮುಗಿಯುವ ಲೈಸೆನ್ಸು ತಂದೆಯವು. ಎಂಬತ್ತು ದಾಟಿದ ಪೀರ್ ಪಾಷಾನ ಎರಡೂ ಕಣ್ಣಿಗೆ ಆಪರೇಷನ್ ಆಗಿತ್ತು. ಆದರೂ ಬಂದವರನ್ನು ಗುರುತಿಸಿದ.

"ಮೋರಖಂಡಿ ಪಾಟೀಲ್ರಲ್ಲ? ಮೀಸಿ ಎಲ್ಲಿ ಬಿಟ್ಟು ಬಂದ್ರಿ?"

"ಬಂದೂಕು ತಿಂತು, ಚಾಚಾ."

"ಮೀಸಿ ಅಷ್ಟೇ ತಿಂದದಲ್ಲ, ಶುಕರ್ ಅನ್ರಿ. ಕೂಡ್ರಿ."

ಕಾಗದಪತ್ರ ನೋಡಿ, ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ಬೆರಳಿಟ್ಟು ಪರೀಕ್ಷಿಸಿ, ಮುದುಕ ಒಂದು ತಗಡಿನ ಡಬ್ಬಿಯಿಂದ ನಾಣ್ಯದಂಥ ಉಕ್ಕಿನ ಬಿಲ್ಲೆ ತೆಗೆದ. ಅದು ಅವನ ಗೇಜು. ಅದನ್ನು ತೋಟಾ ಕೂಡುವ ಜಾಗದಲ್ಲಿ ಕೂಡ್ರಿಸಿ ಬಂದೂಕನ್ನು ಪಾಟೀಲರ ಕೈಗೇ ಕೊಟ್ಟ.

"ನೀವ ಮುಚ್ರಿ. ನಾ ಮುಚ್ಚಿದ್ರ, ಮುದುಕ ಜೋರ್ ಹಾಕ್ದ ಅಂತೀರಿ. ಐವತ್ತು ವರ್ಷದಿಂದ ಈ ಕೆಲಸ ಮಾಲಕರ ಕೈಯಿಂದನೇ ಮಾಡಸ್ತೀನಿ."

ಪಾಟೀಲರು ಬೋಲ್ಟ್ ದೂಡಿ ಕೆಳಗೆ ತಿರುಗಿಸಿದರು. ಎಣ್ಣೆ ಬಿಟ್ಟ ಬಾಗಿಲಿನಂತೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಅವರಿಗೆ ಹೆಮ್ಮೆಯೆನಿಸಿತು. "ನೋಡ್ರಿ, ಎಷ್ಟು ಹಗೂರ ಅದ!"

"ಅದೇ ಬೀಮಾರಿ," ಎಂದ ಪೀರ್ ಪಾಷಾ. "ಈ ಬಿಲ್ಲಿ ಒಳಗಿದ್ರ ಅದು ಮುಚ್ಚಬಾರ್ದು. ತೋಟಾದ ಬೆನ್ನಿಗೂ ಬೋಲ್ಟಿನ ಮಾರಿಗೂ ನಡುವ ಕೂದಲಷ್ಟು ಸಂದು ಇರಬೇಕು, ಅಷ್ಟೇ. ಸಂದು ಹೆಚ್ಚಾದ್ರ ತೋಟಾಕ್ಕ ಹಿಂದ ಆಸರ ಇಲ್ಲ. ಸೀಳ್ತದ. ಬೆಂಕಿ ಹಿಂದ ಬರ್ತದ."

"ಯಾಕ ಹೆಚ್ಚಾತು?"

ಮುದುಕ ಬೋಲ್ಟ್ ಬಿಚ್ಚಿ ಬೆರಳಿನಿಂದ ಅದರ ಮೈ ಸವರಿದ. ಕುರುಡರು ಮೋರೆ ಸವರಿದ ಹಾಗೆ. ಆಮೇಲೆ, "ಯುನೂಸ್, ಮೊಬೈಲ್ ಬ್ಯಾಟರಿ ಹಚ್ಚು, ನಂಬರ್ ಓದು," ಎಂದ.

ಯುನೂಸ್ ಕೈಯಲ್ಲಿದ್ದ ಹೊಲಿಗೆ ಮಷೀನಿನ ಸೂಜಿಯನ್ನು ಅಂಗಿಗೆ ಸಿಕ್ಕಿಸಿಕೊಂಡು ಬಂದು ಬೆಳಕು ಬಿಟ್ಟು ಓದಿದ. "ಬಂದೂಕಿಂದು ನಾಲ್ಕು ನಾಲ್ಕು ಒಂದು ಏಳು. ಬೋಲ್ಟಿಂದು ನಾಲ್ಕು ನಾಲ್ಕು ಒಂದು... ಎಂಟು."

"ಇದು ಇದರ ಬೋಲ್ಟ್ ಅಲ್ರೀ ಪಾಟೀಲ್ರ. ಇದು ಇನ್ನೊಂದರದು," ಎಂದ ಮುದುಕ.

ಮೂರು ಗುಂಟೆ ಬದುವಿಗಾಗಿ ಎರಡು ಕೋರ್ಟು ಹತ್ತಿದ, ಸುತ್ತಲಿನ ಊರುಗಳ ಸರ್ವೆ ನಂಬರುಗಳನ್ನೆಲ್ಲ ಬಾಯಿಪಾಠ ಹೇಳಬಲ್ಲ ಪಾಟೀಲರು, ದಿನಾ ಒರೆಸುವ ಕಬ್ಬಿಣದ ಮೇಲಿನ ನಾಲ್ಕು ಅಂಕಿಗಳನ್ನು ಇಪ್ಪತ್ಮೂರು ವರ್ಷ ಓದಿರಲಿಲ್ಲ.

"ಹಾಂಗಾದ್ರ ಇದರದು ತಂದು ಹಾಕಿದ್ರ ಆತಲ್ಲ?"

"ಆಗ್ಬಹುದು. ಅದು ಎಷ್ಟು ಸವದಿದ್ರೂ ಇದರ ಕೂಡ ಸವದದ್ದು. ಒಂದಕ್ಕೊಂದು ಹೊಂದಿರ್ತಾವ. ಇದು ಗಟ್ಟಿ ಬೋಲ್ಟು, ಅದಕ್ಕ ಪರಾಯಿ ಮನ್ಯಾಗೂ ಇಷ್ಟು ವರ್ಷ ತಡೀತು." ಮುದುಕ ಕೈಯೊರೆಸಿಕೊಂಡ. "ಆದ್ರ ಇದೆಲ್ಲಾ ನಾ ಆವಾಗೇ ಹೇಳಿದ್ನೆಲ್ರಿ? ಧನರಾಜಪ್ಪನವ್ರು ಬರಲಿಲ್ಲೇನು ನಿಮ್ಮ ಕಡೆ?"

"ಯಾವಾಗ?"

"ಹನ್ನೊಂದು ವರ್ಷ ಆತು. ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಅವರ ಬಂದೂಕು ತಂದಿದ್ರು. ಅವರಿಗೆ ಸಂದು ಇನ್ನಾ ದೊಡ್ಡದಿತ್ತು. ಸವದದ್ದು ಅವರಿಗೆ ಹೋಗಿತ್ತಲ್ಲ. ಅದಲ್ ಬದಲ್ ಆಗ್ಯದ, ಅಣ್ಣನ ಹತ್ರ ಹೋಗ್ರಿ, ಇಲ್ಲಾಂದ್ರ ಅವರ ಕಣ್ಣೂ ಹೋಗ್ತದ ಅಂತ ನಾ ಹೇಳಿ ಕಳಸಿದ್ದೆ."

ಪಾಟೀಲರ ಕೈ ಮೀಸೆ ತೀಡಲು ಮೇಲೆ ಹೋಯಿತು. ಆ ಜಾಗದಲ್ಲಿ ಮೀಸೆ ಇರಲಿಲ್ಲ.

ಅಪ್ಪ ಹೈದರಾಬಾದಿನಿಂದ ಒಂದೇ ದಿನ ಎರಡು ರೈಫಲ್ ತಂದಿದ್ದ. ಒಂದನ್ನು ಸದಾ ಬಳಸಿದ. ಇನ್ನೊಂದು ಹೆಚ್ಚಾಗಿ ಪೆಟ್ಟಿಗೆಯಲ್ಲೇ ಇತ್ತು. ಅವನದೊಂದು ಕಟ್ಟಳೆ ಇತ್ತು: ಖಂಡೇಪೂಜೆಯ ದಿನ ಬಂದೂಕುಗಳ ಬೋಲ್ಟ್ ಬಿಚ್ಚಿ ಹಿತ್ತಾಳೆಯ ತಾಟಿನಲ್ಲಿಡಬೇಕು. ದೇವರ ಮುಂದೆ ಕೂಡುವ ಆಯುಧಕ್ಕೆ ಕೊಲ್ಲುವ ಶಕ್ತಿ ಇರಬಾರದು. ವಿಭೂತಿ ಹಚ್ಚಿ, ಹೂ ಏರಿಸಿ, ಪೂಜೆ ಮುಗಿದ ಮೇಲೆ ಅವನೇ ಒಂದೊಂದನ್ನು ಅದರದರ ಮನೆಗೆ ಸೇರಿಸುತ್ತಿದ್ದ. ಹಾಗೆ ಸೇರಿಸುವಾಗ ಕನ್ನಡಕ ಏರಿಸಿ ಏನೋ ಓದುತ್ತಿದ್ದುದು ಪಾಟೀಲರಿಗೆ ಈಗ ನೆನಪಾಯಿತು. ಮಂತ್ರವೆಂದುಕೊಂಡಿದ್ದರು.

ಅಪ್ಪ ತೀರಿದ ವರ್ಷವೇ ಪಾಲಾಯಿತು. ಹಿರಿಯ ಮಗನೆಂದು ಅಪ್ಪ ಬಳಸಿದ ರೈಫಲ್ ವೈಜನಾಥನಿಗೆ ಬಂತು, ಪೆಟ್ಟಿಗೆಯದು ಧನರಾಜನಿಗೆ ಹೋಯಿತು. ಆ ಸಲದ ಪೂಜೆಯಲ್ಲಿ ತಾಟಿನೊಳಗೆ ಎರಡು ಬೋಲ್ಟು ಇದ್ದವು, ಒಂದು ಬಳಸಿ ಬಳಸಿ ಕಪ್ಪಾದದ್ದು, ಒಂದು ಹೊಳೆಯುವುದು. ವೈಜನಾಥ ಹೊಳೆಯುವುದನ್ನು ಎತ್ತಿಕೊಂಡ.

"ಅಣ್ಣಾ, ಅದು ನಂದಲ್ಲೇನು?" ಎಂದಿದ್ದ ಧನರಾಜ.

"ಅಪ್ಪ ಒಂದ ದಿನ ತಂದಾನ, ಎರಡೂ ಒಂದ. ಹಿಡಿ," ಎಂದು ವೈಜನಾಥ ಕಪ್ಪಾದದ್ದನ್ನು ಅವನ ಕಡೆ ಸರಿಸಿದ್ದ. ಹೊಲದ ಬಾವಿ ಯಾರದೆಂಬ ಜಗಳ ಅದೇ ವಾರ ನಡೆದಿತ್ತು. ಬೋಲ್ಟಿಗಾಗಿ ಇನ್ನೊಂದು ಜಗಳ ತೆಗೆಯುವ ತ್ರಾಣ ಧನರಾಜನಿಗೆ ಇರಲಿಲ್ಲ, ಸುಮ್ಮನೆ ಹಿಡಿದಿದ್ದ.

ತಮ್ಮನ ಕಣ್ಣು ಹೋದ ಸುದ್ದಿ ಬಂದಾಗ ಪಾಟೀಲರು ಊರ ಕಟ್ಟೆಯ ಮೇಲೆ ಕುಳಿತು, "ಹಿಡಿಯಾಕ ಬರಲಾರದವನ ಕೈಯಾಗ ಬಂದೂಕು ಕೊಟ್ಟ ನಮ್ಮಪ್ಪ," ಎಂದಿದ್ದರು. ಆ ಮಾತು ಅವರಿಗಿಂತ ಮೊದಲು ಹುಮನಾಬಾದ್ ಮುಟ್ಟಿತ್ತು. ಅವರು ಮುಟ್ಟಲೇ ಇಲ್ಲ.

ಇನ್ನೂ ಒಂದಿತ್ತು. ಅದನ್ನು ಅವರು ಪೀರ್ ಪಾಷಾನಿಗೆ ಹೇಳಲಿಲ್ಲ.

ರೈಫಲನ್ನು ರಸೀದಿ ಪಡೆದು ಮುದುಕನ ಬಳಿಯೇ ಬಿಟ್ಟು, ಬೋಲ್ಟನ್ನು ಮಾತ್ರ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದಾಗ ಮೀರಾಬಾಯಿಯೇ ಅದನ್ನು ಹೇಳಿದಳು. ಅವಳು ಟವೆಲನ್ನೇ ನೋಡುತ್ತಿದ್ದಳು.

"ಹಿಂಗೇ ಸುತ್ತಿಕೊಂಡು ಬಂದಿದ್ದ ಧನು. ಬಾಗಿಲದಾಗ ನಿಂತು, ವೈನಿ, ಅಣ್ಣ ಅದಾನೇನು ಅಂದ."

"ಬಾವಿ ಮಾತು ತೆಗೀತಾನ ಅಂತ ತಿಳದಿದ್ದೆ."

"ತಿಳದು ಒಳಗಿನ ಖೋಲ್ಯಾಗ ಕುಂತ್ರಿ. ಇಲ್ಲ ಅನ್ನು ಅಂತ ಕೈ ಮಾಡಿದ್ರಿ. ಅವರು ಮನ್ಯಾಗಿಲ್ಲಪ್ಪ ಅಂತ ನಾ ಅಂದೆ. ನಿಮ್ಮ ಚಪ್ಪಲಿ ಹೊರಗ ಇದ್ವು. ಆ ಹುಡುಗ ಇದ್ದೊಂದು ಕಣ್ಣಿಲೆ ಚಪ್ಪಲಿ ನೋಡ್ದ, ನನ್ನ ನೋಡ್ದ. ಬರ್ತೀನ್ ವೈನಿ ಅಂತ ಹ್ವಾದ. ನೀರು ಸುದ್ದಾ ಕುಡೀಲಿಲ್ಲ."

'ಆ ಹುಡುಗ'ನಿಗೆ ಆಗಲೇ ಐವತ್ತೊಂದು ವರ್ಷ. ಪಾಟೀಲರು ತಿದ್ದಲಿಲ್ಲ.

ಮರುದಿನ ಹುಮನಾಬಾದಿನ ಬಸ್ಸಿನಲ್ಲಿ ಕುಳಿತು ಪಾಟೀಲರು ಎರಡು ಭಾಷಣ ತಯಾರು ಮಾಡಿದರು. ಒಂದು, ಬೋಲ್ಟ್ ಅದಲು ಬದಲಾದ ವಿಷಯ, ಕಾನೂನು, ಪೀರ್ ಪಾಷಾನ ಅಭಿಪ್ರಾಯ. ಇನ್ನೊಂದು, 'ಅವತ್ತು ನಾ ಒಳಗ ಇದ್ದೆ.' ಮೊದಲನೆಯದು ರಾಜೇಶ್ವರ ಊರು ದಾಟುವ ತನಕ ಬೆಳೆಯುತ್ತಲೇ ಹೋಯಿತು. ಎರಡನೆಯದು ನಾಲ್ಕೇ ಶಬ್ದ, ಬಾಯಿಗೆ ಬರಲಿಲ್ಲ.

ಈ ಸಲ ಹಿಂದಿನ ಓಣಿ ಹಿಡಿಯಲಿಲ್ಲ.

ಧನರಾಜ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕ್ರಿಮಿನಾಶಕದ ಬಾಟಲಿಯನ್ನು ಎಡಗಣ್ಣಿಗೆ ತೀರ ಹತ್ತಿರ ಹಿಡಿದು ಸಣ್ಣ ಅಕ್ಷರ ಓದುತ್ತಿದ್ದ. ತಲೆಯೆತ್ತಿದ. ಒಂದು ಗಳಿಗೆ ಗುರುತು ಹತ್ತಲಿಲ್ಲ.

"ಮೀಸಿ..." ಎಂದ. "ಅಪ್ಪ ಹೋದಾಗನೂ ತೆಗಸಿರಲಿಲ್ಲ ನೀವು. ಬರ್ರಿ. ಕೂಡ್ರಿ." ಒಳಗೆ ಮುಖ ಮಾಡಿ ಹೆಂಡತಿಗೆ ಕೂಗಿದ. "ವಿಜಯಶ್ರೀ, ಅಣ್ಣಾರು ಬಂದಾರ. ಚಹಾ ಮಾಡು."

ಸಣ್ಣಂದಿನಿಂದ 'ಬಾ ಅಣ್ಣಾ' ಎಂದವನು ಈಗ ಗಿರಾಕಿಗಳಿಗೆ ಕೊಡುವ ಮರ್ಯಾದೆಯನ್ನೇ ಕೊಡುತ್ತಿದ್ದ. ಬೈದಿದ್ದರೆ ಪಾಟೀಲರಿಗೆ ಹಗುರಾಗುತ್ತಿತ್ತು. ಚಹಾ ಬಂತು. ಧನರಾಜ ಕಪ್ಪು-ಬಸಿಯನ್ನು ಮೇಜಿನ ಮೇಲೆ ಇಡುವಾಗ ಮೊದಲು ಕಿರುಬೆರಳು ಚಾಚಿ ಮೇಜು ಎಲ್ಲಿದೆ ಎಂದು ಮುಟ್ಟಿ ನೋಡಿ, ಆಮೇಲೆ ಇಟ್ಟ. ಒಂದೇ ಕಣ್ಣಿಗೆ ಹತ್ತಿರ ದೂರದ ಅಳತೆ ಸಿಗುವುದಿಲ್ಲ.

ಪಾಟೀಲರು ಟವೆಲ್ ಬಿಚ್ಚಿದರು. ಧನರಾಜ ಬೋಲ್ಟ್ ಎತ್ತಿಕೊಂಡ. ಅವನ ಹೆಬ್ಬೆರಳು ನೋಡದೆಯೇ ಅಂಕಿಗಳ ಮೇಲೆ ಹೋಗಿ ನಿಂತಿತು.

"ಎಂಟು," ಎಂದ.

"ಪೀರ್ ಪಾಷಾ ಹೇಳ್ದ. ನಿನ್ನ ಕಡೆ ಇದ್ದದ್ದು ಕೊಟ್ರ..."

"ನನ್ನ ಕಡೆ ಎಲ್ಲಿ ಅದರಿ? ಹನ್ನೊಂದು ವರ್ಷ ಆತು, ಬಂದೂಕು ಬೋಲ್ಟ್ ಎರಡೂ ಸರ್ಕಾರಕ್ಕ ಒಪ್ಪಿಸಿ, ಲೈಸೆನ್ಸ್ ರದ್ದು ಮಾಡಿಸಿ ಬಿಟ್ಟೆ. ಇದ್ದೊಂದು ಕಣ್ಣು ಬೇಕಲ್ಲ, ಬಾಟ್ಲಿ ಓದಾಕ." ಅವನು ನಗಲಿಲ್ಲ, ಆದರೆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. "ಒಪ್ಪಿಸೋದಕ್ಕೂ ಮೊದಲ ಒಂದ್ಸಲ ಮೋರಖಂಡಿಗೆ ಬಂದಿದ್ದೆ. ನಿಮ್ಮದು ನಿಮಗ ಕೊಟ್ಟು, ನಂದು ತಗೊಂಡು ಹೋಗ್ಬೇಕಂತ. ನೀವು ಅದನ್ನ ಹೊಡೀಬಾರ್ದು ಅಂತ ಹೇಳ್ಬೇಕಾಗಿತ್ತು. ನೀವು ಮನ್ಯಾಗ ಇರಲಿಲ್ಲ."

ಬಾಗಿಲು ತೆರೆದೇ ಇತ್ತು. ಪಾಟೀಲರು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಅರವತ್ತೆಂಟು ವರ್ಷದ ನಾಲಗೆ ತನ್ನ ರೂಢಿಯ ಸುತ್ತುದಾರಿ ಹಿಡಿಯಿತು.

"ಹೌದು. ಹೊಲಕ್ಕ ಹೋಗಿದ್ದೆ."

ಧನರಾಜ ಎಡಗಣ್ಣಿನಿಂದ ಅಣ್ಣನನ್ನು ನೋಡಿದ.

"ಬರಿಗಾಲಿಲೇ ಹೋಗಿದ್ರೇನ್ರಿ?"

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹಾದುಹೋಯಿತು. ಅಂಗಡಿಗೆ ಒಬ್ಬಳು ಹೆಂಗಸು ಬಂದು, ತೊಗರಿಗೆ ಹುಳ ಬಿದ್ದಿದೆ, ಹೋದ ಸಲ ಕೊಟ್ಟ ಔಷಧ ಕುಡಿದು ಹುಳ ದಪ್ಪಗಾಗಿವೆ ಎಂದು ಜಗಳ ತೆಗೆದಳು. ಧನರಾಜ ಅವಳಿಗೆ ಬೇರೆ ಬಾಟಲಿ ತೆಗೆದು ಅಳತೆ ವಿವರಿಸಿದ. ಅವಳು ಹೋಗುವ ತನಕ ಪಾಟೀಲರು ತಣ್ಣಗಾದ ಚಹಾ ಹಿಡಿದು ಕುಳಿತಿದ್ದರು.

"ಇದು ನಿಂದು. ಇಟ್ಕೊ," ಎಂದರು ಕೊನೆಗೆ, ಬೋಲ್ಟನ್ನು ಅವನ ಕಡೆ ಸರಿಸುತ್ತ.

"ಹ್ಯಾಂಗ ಇಟ್ಕೊಳ್ಳಿ? ಲೈಸೆನ್ಸ್ ಇಲ್ಲದ ಮನ್ಯಾಗ ಇದು ಇದ್ರ ಪೊಲೀಸರು ನನ್ನ ಒಯ್ತಾರ." ಧನರಾಜ ಅದನ್ನು ತಾನೇ ಟವೆಲಿನಲ್ಲಿ ಸುತ್ತಿ, ಅಂಚು ಮಡಿಸಿ, ಅಣ್ಣನ ಕೈಗೆ ಕೊಟ್ಟ. "ಆವಾಗ ಕೊಟ್ಟಿದ್ರ ನಡೀತಿತ್ರಿ. ಈಗ ಕಾನೂನು ಒಪ್ಪಂಗಿಲ್ಲ."

ಪೀರ್ ಪಾಷಾ ಸುದ್ದಿ ಕೇಳಿ, ಇನ್ನು ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ಗೇಜನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಪಾಟೀಲರು ರೈಫಲನ್ನು ಬೋಲ್ಟಿನ ಸಮೇತ ಠಾಣೆಗೆ ಒಯ್ದು ಒಪ್ಪಿಸಿದರು. ಅರ್ಜಿಯಲ್ಲಿ ಕಾರಣ ಎಂದಿದ್ದಲ್ಲಿ ಅವರು ಬಹಳ ಹೊತ್ತು ಪೆನ್ನು ಹಿಡಿದು ಕುಳಿತದ್ದನ್ನು ನೋಡಿ ಅಲ್ಲಿದ್ದ ಪೇದೆ, "ವಯಸ್ಸಾತು ಅಂತ ಬರೀರಿ, ಎಲ್ಲಾರೂ ಅದೇ ಬರೀತಾರ," ಎಂದು ಸಹಾಯ ಮಾಡಿದ. ಅವರು ಅದನ್ನೇ ಬರೆದರು. ಸುಳ್ಳೇನಲ್ಲ.

ಖಂಡೇಪೂಜೆಗೆ ಆ ವರ್ಷ ಜಗುಲಿಯ ಮುಂದೆ ಕುಡುಗೋಲು, ಕೊಡಲಿ, ಮೋಟಾರಿನ ನಟ್ಟು ಬಿಚ್ಚುವ ಪಾನೆಗಳು ಕುಳಿತವು. ಮೀರಾಬಾಯಿ ಹಿತ್ತಾಳೆಯ ತಾಟು ಬೆಳಗಿ ಇಟ್ಟಿದ್ದಳು. ಏನೂ ಇಡಲಿಕ್ಕಿಲ್ಲದೆ ಅದರಲ್ಲಿ ಹೂ ಸುರಿದಳು.

ಮರುದಿನ ಬನ್ನಿ. ಸಣ್ಣವರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವ ದಿನ. "ಯಾರ ಬಂದ್ರೂ ಅದಾರ ಅನ್ನು," ಎಂದು ಪಾಟೀಲರು ಬೆಳಿಗ್ಗೆಯೇ ಹೆಂಡತಿಗೆ ಹೇಳಿ, ಚಪ್ಪಲಿಯನ್ನು ಹೊಸ್ತಿಲ ಹೊರಗೆ ಎಲ್ಲರಿಗೂ ಕಾಣುವಂತೆ ಇಟ್ಟು ಕುಳಿತರು. ಊರವರು ಬಂದರು. ಬಾವಿ ಜಗಳದ ಸಾಕ್ಷಿದಾರರು ಬಂದರು. ವಿಮೆ ಏಜೆಂಟನೂ ಬಂದು, ಪಾಟೀಲರು ಮನೆಯಲ್ಲಿದ್ದಾರೆಂದು ತಿಳಿದು ತಾನೇ ಗಾಬರಿಯಾದ. ಹುಮನಾಬಾದಿನ ಕಡೆಯಿಂದ ಮೂರು ಬಸ್ಸು ಬಂದು ಹೋದವು.

ನಾಲ್ಕಕ್ಕೆ ಪಾಟೀಲರು ಎದ್ದು ಒಂದು ಹಿಡಿ ಬನ್ನಿ ಎಲೆ ಕರವಸ್ತ್ರದಲ್ಲಿ ಕಟ್ಟಿಕೊಂಡರು.

"ಎಲ್ಲಿಗ್ರಿ? ಹಿರ್‍ಯಾರು ತಾವಾಗಿ ಬನ್ನಿ ಒಯ್ಯೋದು ನಾ ಎಲ್ಲೂ ಕಂಡಿಲ್ಲ."

"ಈಗ ನೋಡು," ಎಂದು ಚಪ್ಪಲಿ ಮೆಟ್ಟಿದರು.

ಹಬ್ಬದ ದಿನ ಧನರಾಜನ ಅಂಗಡಿ ಮುಚ್ಚಿತ್ತು. ಪಕ್ಕದ ಮೆಟ್ಟಿಲು ಹತ್ತಿದರೆ ಮನೆ. ಬಾಗಿಲ ಹೊರಗೆ ಅವನ ಚಪ್ಪಲಿ ಇದ್ದವು. ಪಾಟೀಲರು ತಮ್ಮವನ್ನು ಅವುಗಳ ಪಕ್ಕಕ್ಕೆ ಬಿಟ್ಟು ಕರೆದರು. ಧನರಾಜನೇ ಬಂದ. ಅವನು ಬರ್ರಿ ಎನ್ನುವುದಕ್ಕೂ ಬಿಡದೆ, ಬನ್ನಿಯ ಗಂಟನ್ನೂ ಬಿಚ್ಚದೆ, ಪಾಟೀಲರು ಹೊಸ್ತಿಲ ಹೊರಗೇ ನಿಂತು ಹೇಳಿದರು.

"ಅವತ್ತು ನಾ ಒಳಗ ಇದ್ದೆ, ಧನೂ. ಆ ಬೋಲ್ಟೂ ನಂದಲ್ಲ ಅಂತ ಗೊತ್ತಿತ್ತು. ಹೊಳೀತಿತ್ತು ಅಂತ ತಗೊಂಡೆ."

ಧನರಾಜ ಹೊಸ್ತಿಲ ಹೊರಗಿನ ಎರಡು ಜೊತೆ ಚಪ್ಪಲಿ ನೋಡಿದ. ಒಳಗೆ ವಿಜಯಶ್ರೀ ಪಾತ್ರೆ ಇಟ್ಟ ಸದ್ದಾಯಿತು.

"ಆ ಮಾತು ಆವಾಗ ಹೇಳಿದ್ರ ನಿಮ್ಮ ಜೋಡಿ ಜಗಳಾಡ್ತಿದ್ದೆ," ಎಂದ. "ಈಗ ಏನಂತ ಆಡ್ಲಿ? ಬರ್ರಿ ಒಳಗ. ಹಬ್ಬದ ದಿನ ಬಾಗಿಲದಾಗ ನಿಂದ್ರಬಾರ್ದು."

ಒಳಗೆ ಪಾಟೀಲರು ಎಲೆಗಳನ್ನು ಅವನ ಅಂಗೈಗೆ ಹಾಕಿದರು. ಅವನೂ ದೇವರ ಮುಂದಿದ್ದ ಎಲೆಗಳನ್ನು ತಂದುಕೊಟ್ಟ. ಆಮೇಲೆ, ಸಣ್ಣವನು ಮಾಡಬೇಕಾದಂತೆ, ಬಾಗಿ ಅಣ್ಣನ ಕಾಲು ಮುಟ್ಟಲು ಕೈ ಚಾಚಿದ. ಕೈ ನಾಲ್ಕು ಬೆರಳಷ್ಟು ಈಚೆಗೇ ನೆಲ ಮುಟ್ಟಿತು. ಅವನು ಫರಸಿಯ ಮೇಲೆ ಬೆರಳಾಡಿಸಿ ಹುಡುಕಿದ.

ಪಾಟೀಲರು ಕಾಲನ್ನು ಮುಂದೆ ಸರಿಸಿದರು.